ಗಂಟೆಗೆ ಮುಂಚಿನ ಕುರಿ

ಬೆಳಗಿನ ಐದಕ್ಕೆ ಗಂಟೆ ಬಾರಿಸುವವಳು ನಾನು.
ಕೈ ತುಂಬ ಹಿಟ್ಟು, ಕಣ್ಣು ಗೋಡೆಯ ಗಡಿಯಾರದ ಮೇಲೆ.
ಗಾಜು ಒಡೆದು ಹದಿನೇಳು ವರ್ಷವಾಯಿತು,
ಮುಳ್ಳಿಗೆ ಉಣ್ಣೆಯ ಜಿಡ್ಡು ಹತ್ತಿದೆ.
ಆದರೂ ವೈರೋವಾದ ಈ ಶೆಡ್ಡಿನಲ್ಲಿ
ಅದು ಹೇಳಿದ್ದೇ ಹೊತ್ತು.

ಐದರಿಂದ ಏಳು. ಆಮೇಲೆ ತಿಂಡಿ.
ಎಂಟರಿಂದ ಒಂಬತ್ತೂ ಮುಕ್ಕಾಲು. ಆಮೇಲೆ
ಚಹಾ, ಸ್ಕೋನು, ಒಂದು ಸಿಗರೇಟು.
ಹೀಗೆ ದಿನವನ್ನು ಐದು ಹೋಳು ಮಾಡಿಟ್ಟವರು
ನನ್ನಪ್ಪನಿಗಿಂತ ಹಳಬರು.
ಅವರೂ ಬೆನ್ನು ಬಾಗಿಸಿದವರೇ ಇರಬೇಕು,
ಕುರ್ಚಿಯಲ್ಲಿ ಕೂತವರಿಗೆ
ಇಷ್ಟು ಸರಿಯಾದ ಲೆಕ್ಕ ಸಿಗುವುದಿಲ್ಲ.

ಗಂಟೆ ಬಿತ್ತೋ, ಮಾತಿಲ್ಲ.
ಕುರಿಯನ್ನು ಎಳೆದು, ಮಗುಚಿ, ತೊಡೆ ನಡುವೆ ಕೂರಿಸಿ
ಹೊಟ್ಟೆಯಿಂದ ಶುರು.
ಉದ್ದನೆಯ ಬೆನ್ನಿಗೆ ಕೈ ಬರುವ ಹೊತ್ತಿಗೆ
ಯಾರಿಗೂ ಹೆಂಡತಿ ನೆನಪಿಲ್ಲ,
ಕಾರಿನ ಕಂತು ನೆನಪಿಲ್ಲ,
ಬೆವರು ಮೂಗಿನ ತುದಿಯಲ್ಲಿ ತೂಗುತ್ತಿರುವುದೂ ಗೊತ್ತಿಲ್ಲ.
ಮತ್ತೆ ಗಂಟೆ. ಮೋಟಾರು ನಿಂತಾಗ
ಅಷ್ಟು ಹೊತ್ತು ಎಷ್ಟು ಸದ್ದಿತ್ತೆಂದು ತಿಳಿಯುತ್ತದೆ.
ಗಂಡಸರು ನೆಲದ ಮೇಲೆ ಅಂಗಾತ ಬೀಳುತ್ತಾರೆ
ಒಗೆದು ಹರವಿದ ಬಟ್ಟೆಯ ಹಾಗೆ.

ಒಂದು ನಿಯಮವಿದೆ: ಗಂಟೆಗೆ ಮುಂಚೆ ಹಿಡಿದ ಕುರಿಯನ್ನು
ಗಂಟೆಯಾದ ಮೇಲೂ ಮುಗಿಸಬಹುದು.
ರುವಾಟೋರಿಯಾದಿಂದ ಬಂದ ತಾಮತಿ, ಹತ್ತೊಂಬತ್ತರ ಹುಡುಗ,
ಇದನ್ನು ಬೇಗ ಕಲಿತ.
ಎರಡು ಸೆಕೆಂಡು ಉಳಿದಿರುವಾಗ ಬಾಗಿಲಿಗೆ ಹಾರಿ
ಒಂದರ ಮುಂಗಾಲು ಹಿಡಿದು ಎಳೆಯುತ್ತಿದ್ದ.
ಅವನ ಚಹಾ ಕೆನೆಗಟ್ಟುತ್ತಿತ್ತು.
'ನನಗೆ ದಣಿವಿಲ್ಲ, ಆಂಟಿ' ಅನ್ನುತ್ತಿದ್ದ
ನಡುಗುವ ಕೈಯಲ್ಲಿ ಲೋಟ ಹಿಡಿದು.
ನಾನೂ ಅಂದವಳೇ, ಇಪ್ಪತ್ತು ವರ್ಷ ಉಣ್ಣೆ ಆರಿಸುತ್ತಾ,
ಸೊಂಟ ಒಮ್ಮೆ 'ಇನ್ನಿಲ್ಲ' ಅನ್ನುವ ತನಕ.
ಅವನಿಗೆ ಇದನ್ನು ಹೇಳಲಿಲ್ಲ.
ಹೇಳಿದ್ದರೆ ಕೇಳುತ್ತಿರಲೂ ಇಲ್ಲ.

ಗುರುವಾರ, ನಾಲ್ಕನೆಯ ಪಾಳಿಯ ಕೊನೆಗೆ
ಬಾಚಣಿಗೆ ಕಾದು ಕೆಂಡವಾಗಿತ್ತು, ಮಸೆಯಲು ಅವನು ಎದ್ದಿರಲಿಲ್ಲ.
ಕುರಿಯ ಪಕ್ಕೆ ತೆರೆದುಕೊಂಡಿತು.
ಆರು ಹೊಲಿಗೆ. ಸೂಜಿ ಹಿಡಿದವಳು ನಾನು,
ತಲೆ ಹಿಡಿದವನು ತಾಮತಿ,
ಅವನ ಮುಖ ಕುರಿಗಿಂತ ಬಿಳಿ.

ಮುದುಕ ಹಾಮಿ ಬೈಯಲಿಲ್ಲ.
ಮಾರನೆಯ ದಿನ, ಇನ್ನೂ ಒಂದು ನಿಮಿಷವಿರುವಾಗ
ಮೋಟಾರಿನ ಹಗ್ಗ ಎಳೆದು ನಿಲ್ಲಿಸಿದ.
ಬಾಗಿಲ ಹಲಗೆಗೆ ಮೊಣಕೈ ಊರಿ
ಒಳಗಿನ ಕುರಿಗಳನ್ನು ನೋಡುತ್ತ ನಿಂತ.
ಎದುರಿಗಿದ್ದ ಕುರಿಯೂ ಅವನನ್ನು ನೋಡಿತು,
ಇನ್ನರ್ಧ ಗಂಟೆ ತನ್ನ ಉಣ್ಣೆ ತನ್ನದೇ ಎಂಬಂತೆ.
ಹುಡುಗ ಅದನ್ನೆಲ್ಲ ಕಂಡ. ಅಂದೂ ಒಂದು ಕುರಿ ಎಳೆದ,
ಮರುದಿನ ಎಳೆಯಲಿಲ್ಲ, ಅದರ ಮರುದಿನ ಮತ್ತೆ ಎಳೆದ.
ಸಂಜೆಯ ಲೆಕ್ಕದಲ್ಲಿ ಹಾಮಿಗೆ ಐದು ಕಡಿಮೆ.
ಆ ಐದರ ದುಡ್ಡಿಗೆ ಬದಲು ಅವನಿಗೆ ಏನು ಸಿಕ್ಕಿತೋ,
ಕೇಳಿಲ್ಲ. ಎಪ್ಪತ್ತು ದಾಟಿದ್ದಾನೆ,
ಬಗ್ಗಿ ತನ್ನ ಬೂಟಿನ ದಾರ ತಾನೇ ಕಟ್ಟುತ್ತಾನೆ.

ಈಗ ಚಳಿಗಾಲ. ಶೆಡ್ಡು ಖಾಲಿ.
ಮೊಟ್ಟೆ ಬೇಯಿಸಲು ಕೊಂಡ ಕೆಂಪು ಟೈಮರನ್ನು
ಇಪ್ಪತ್ತೈದಕ್ಕೆ ತಿರುಗಿಸಿ, ಐವತ್ತೆಂಟರಲ್ಲಿ
ಅಜ್ಜಿಯ ಭಾಷೆ ಕಲಿಯುತ್ತಿದ್ದೇನೆ,
ನಮ್ಮೆದುರು ಅವಳು ಆಡದೆ ನುಂಗಿದ ಭಾಷೆ.
ಪುಕಾಪುಕಾ ಅಂದರೆ ಪುಸ್ತಕ.
ಪುಕಾಪುಕಾ ಅಂದರೆ ಶ್ವಾಸಕೋಶವೂ ಹೌದು.
ಎರಡಕ್ಕೂ ಒಂದೇ ಪದ ಇಟ್ಟವರು
ಓದುವ ನಡುವೆ ಉಸಿರು ಬಿಡುತ್ತಿದ್ದರೇನೋ.

ಮೊದಮೊದಲು ಟೈಮರ್ ಕೂಗಿದರೂ ಏಳುತ್ತಿರಲಿಲ್ಲ;
ಈ ಸಾಲು ಮುಗಿಯಲಿ, ಈ ಪುಟ ಮುಗಿಯಲಿ.
ರಾತ್ರಿ ಹಾಸಿಗೆಯಲ್ಲಿ ಎಲ್ಲ ಪದಗಳೂ ಒಂದರ ಮೇಲೊಂದು ಹತ್ತಿ
ಗುಂಪು ಚದುರಿ ಓಡುತ್ತಿದ್ದವು.

ಈಗ ಗಂಟೆಗೆ ಮುಂಚೆ ಹಿಡಿದದ್ದನ್ನೂ ಬಿಟ್ಟುಬಿಡುತ್ತೇನೆ,
ಅರ್ಧ ಪದ, ತುಟಿಯ ಮೇಲಿರುವಾಗಲೇ.
ಎದ್ದು ಕೆಟಲಿಗೆ ನೀರು ತುಂಬುತ್ತೇನೆ,
ಹೊರಗೆ ಬಂದು ನಾಯಿಯ ಕಿವಿ ತಿಕ್ಕುತ್ತೇನೆ,
ಗುಡ್ಡದ ಮೇಲೆ ಮಂಜು ಎಲ್ಲಿಗೆ ಬಂತೆಂದು ನೋಡುತ್ತೇನೆ.
ಪದ ಬಾಗಿಲ ಹಿಂದೆ ನಿಂತಿರುತ್ತದೆ,
ಮೈತುಂಬ ಉಣ್ಣೆ ಹೊತ್ತು.